ಕಳ್ಳು ಬಿಡಿಸಿದ ಹೆಂಚು

ಹರಿಹರದ ಹಳೆಯ ಓಣಿಗಳಲ್ಲಿ ಇನ್ನೂ ಕೆಲವು ಕೆಂಪು ಹೆಂಚಿನ ಮನೆಗಳಿವೆ. ಮಂಗಳೂರು ಹೆಂಚು ಎಂಬ ಹೆಸರು ಎಲ್ಲರಿಗೂ ಗೊತ್ತು. ಅದರ ಕಾರ್ಖಾನೆ ಹುಟ್ಟಿದ್ದರ ಹಿಂದೆ ಕಳ್ಳಿನ ಪ್ರಶ್ನೆಯೂ ಇತ್ತು ಎಂಬುದು ನನಗೆ ತಿಳಿದದ್ದು ಮಾತ್ರ ಇತ್ತೀಚೆಗೆ, ಆ ಕಾರ್ಖಾನೆ ಕಟ್ಟಿದ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಅವರ ಬಗ್ಗೆ ಓದುವಾಗ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಎರಡು ವರ್ಷದ ನಂತರ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಪ್ಲೆಬ್ಸ್ಟ್ ಬಂದದ್ದು 1851ರಲ್ಲಿ. ಅವರ ಕೆಲಸ ಬೋಧನೆಯಲ್ಲ, ಯಂತ್ರ. ಅವರು ಮುದ್ರಣಾಲಯವನ್ನು ಕಲ್ಲಚ್ಚಿನಿಂದ ಅಚ್ಚುಮೊಳೆಗೆ ತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಆ ಮುದ್ರಣಾಲಯದಲ್ಲೇ.

ಆ ಕಾಲದಲ್ಲಿ ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಅನೇಕರಿಗೆ ಕಳ್ಳು ಇಳಿಸುವುದೇ ಜೀವನೋಪಾಯ. ಸಭೆಗೆ ಸೇರಿದವರು ಕಳ್ಳು ಇಳಿಸಬಾರದು, ಮಾರಬಾರದು ಎಂಬುದು ಮಿಷನ್ನಿನ ನಿಯಮ. ಮತ ಬಿಟ್ಟದ್ದಕ್ಕೆ ಮನೆ, ಜಮೀನು ಕಳೆದುಕೊಂಡವರೂ ಇದ್ದರು. ನಿಯಮ ಮಾಡುವುದು ಸುಲಭ. ಮರುದಿನ ಅವರ ಒಲೆ ಉರಿಯುವುದು ಹೇಗೆ? ಮಿಷನ್ ಹಲವು ಕಸುಬುಗಳನ್ನು ಪ್ರಯತ್ನಿಸಿತು. ನೇಯ್ಗೆ ನಿಂತಿತು, ಕೆಲವು ಕೈಕೊಟ್ಟವು.

ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೇಡಿಮಣ್ಣನ್ನು ನೋಡಿದರು. ಒಂದಕ್ಕೊಂದು ಹಿಡಿದು ಕೂರುವ, ಮಳೆನೀರು ಒಳಗಿಳಿಯದ ಚಪ್ಪಟೆ ಹೆಂಚು ಆಗ ಯುರೋಪಿನಲ್ಲಿ ಬಳಕೆಗೆ ಬಂದಿತ್ತು. ಆ ವಿದ್ಯೆಯನ್ನು ಕಲಿತು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಶುರುವಿನಲ್ಲಿದ್ದದ್ದು 12 ಮಂದಿ, ಒಂದು ಜೊತೆ ಎತ್ತು. ದಿನಕ್ಕೆ 560 ಹೆಂಚು. ಮುಂದೆ ಉಗಿಯಂತ್ರ ಬಂತು. ಕಲ್ಲಿಕೋಟೆ, ಮಲ್ಪೆಗಳಲ್ಲೂ ಮಿಷನ್ನಿನ ಕಾರ್ಖಾನೆಗಳು ಎದ್ದವು. ಸ್ಥಳೀಯರೂ ಕಾರ್ಖಾನೆ ಹಾಕಿದರು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು.

ಇದರಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಸಂಬಳ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಬ್ಬರೇ ಆದಾಗ ಕೆಲಸಗಾರ ಎದುರು ಮಾತಾಡುವುದು ಕಷ್ಟ. ಆದರೂ ಬಿಡು ಎಂದವರು ಬದಲಿ ದಾರಿಯನ್ನೂ ಹುಡುಕಿದರು ಎಂಬುದು ದೊಡ್ಡ ಮಾತು. ಮುಂದೆ ನಾರಾಯಣ ಗುರುಗಳೂ ತಮ್ಮ ಅನುಯಾಯಿಗಳಿಗೆ ಕಳ್ಳು ತೆಗೆಯಬೇಡಿ, ಮಾರಬೇಡಿ, ಕುಡಿಯಬೇಡಿ ಎಂದರು. ಓದು ಮತ್ತು ಉದ್ಯೋಗದ ದಾರಿಯನ್ನೂ ತೋರಿಸಿದರು.

ಕ್ರೈಸ್ತರೆಲ್ಲ ಕುಡಿಯುತ್ತಾರೆ ಎಂಬ ತಮಾಷೆಯನ್ನು ನಾನು ದಾವಣಗೆರೆಯ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನಿಂದಲೇ ಕೇಳಿದ್ದೇನೆ. ನಿಜವೆಂದರೆ ನಮ್ಮಲ್ಲೇ ಒಂದು ಮಾತಿಲ್ಲ. ಕ್ಯಾಥೊಲಿಕರ ಪೂಜೆಯಲ್ಲಿ ದ್ರಾಕ್ಷಾರಸವಿದೆ. ಅಲ್ಲಿ ಕುಡಿತವೇ ಪಾಪವಲ್ಲ, ಅಮಲೇರುವಷ್ಟು ಕುಡಿಯುವುದು ಪಾಪ. ಪ್ರೊಟೆಸ್ಟೆಂಟರಲ್ಲಿ ಅನೇಕ ಸಭೆಗಳು ತೊಟ್ಟು ಮುಟ್ಟುವುದನ್ನೂ ಒಪ್ಪುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಥೆಯನ್ನು ಇಬ್ಬರೂ ಓದುತ್ತಾರೆ, ಬೇರೆ ಬೇರೆ ಅರ್ಥ ಹೇಳುತ್ತಾರೆ.

ಕಳೆದ ವರ್ಷ ನಮ್ಮ ಸಭೆಯ ಯುವಕರ ಕೂಟದಲ್ಲಿ ಒಂದು ಸಲಹೆ ಬಂತು. ಬಾರ್‌ನಲ್ಲಿ ಕೆಲಸ ಮಾಡುವವರನ್ನು ಪದಾಧಿಕಾರಿಗಳನ್ನಾಗಿ ಮಾಡಬಾರದು ಎಂದು. ಹೆಸರು ಹೇಳದಿದ್ದರೂ ಅದು ಯಾರ ಮೇಲಿನ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಕೆಲಸಕ್ಕೆ ಅಲೆದು, ಕೊನೆಗೆ ಬಾರ್ ಒಂದರ ಕ್ಯಾಶ್ ಕೌಂಟರಿನಲ್ಲಿ ಕುಳಿತ ಅಣ್ಣನೊಬ್ಬ ಹಿಂದಿನ ಸಾಲಿನಲ್ಲಿದ್ದ. ಅವನು ಕುಡಿಯುವುದಿಲ್ಲ. ಅವನ ಸಂಬಳದಲ್ಲೇ ತಂಗಿಯ ಫೀಸು ನಡೆಯುತ್ತದೆ. ಅವನಿಗೆ ಬೇರೆ ಕೆಲಸ ಕೊಡಿಸುವವರು ಯಾರು ಎಂದು ನಾನು ಕೇಳಿದೆ. ಯಾರೂ ಉತ್ತರಿಸಲಿಲ್ಲ, ಸಲಹೆಯನ್ನು ಮುಂದಿನ ಕೂಟಕ್ಕೆ ಹಾಕಿದರು.

ಕುಡಿತ ಮನೆ ಮುರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಬಿಡಿ ಎನ್ನುವುದು ತಪ್ಪಲ್ಲ. ಆದರೆ ಆ ಮಾತಿನ ಜೊತೆ ಕೆಲಸವೂ ಬರಬೇಕು. ನಾಳೆ ಎಂಜಿನಿಯರ್‌ಗಳಾಗುವ ನಾವು ನಾಲ್ಕು ಜನರಿಗೆ ಉದ್ಯೋಗ ಕೊಡುವ ಒಂದು ಸಣ್ಣ ಘಟಕ ಕಟ್ಟಿದರೂ, ಅದು ಹತ್ತು ಉಪದೇಶಕ್ಕಿಂತ ಮೇಲು.