ನಾಳೆಯ ಬುತ್ತಿ ಕಟ್ಟದೆ ನಡೆದ ಸಂತ ಜೋಸೆಫ್ ವಾಜ್

2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಮುಚ್ಚಿತು. ಘಟ್ಟದ ಮೇಲಿನಿಂದ ಕರಾವಳಿಗೆ ತರಕಾರಿ, ದಿನಸಿ ಇಳಿಯುವ ದಾರಿ ಅದು. ಎಷ್ಟು ಸಪೂರವಾದ ರಸ್ತೆಯನ್ನು ನಂಬಿ ನಮ್ಮ ಅಡುಗೆಮನೆಗಳು ನಡೆಯುತ್ತಿವೆ ಎಂಬುದು ಅಂಥ ದಿನಗಳಲ್ಲಿ ತಿಳಿಯುತ್ತದೆ. ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆ ಎಂದು ನೋಡಿಕೊಳ್ಳುವುದು ತಪ್ಪಲ್ಲ. ಆದರೆ ನಾಳೆಯ ಚಿಂತೆ ಇಂದಿನ ಕೆಲಸವನ್ನೇ ನಿಲ್ಲಿಸಿಬಿಟ್ಟರೆ? ಈ ಪ್ರಶ್ನೆ ಬಂದಾಗಲೆಲ್ಲ ನಮಗೆ ನೆನಪಾಗುವವರು, ಇದೇ ಕರಾವಳಿಯಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಕೆನರಾಕ್ಕೆ ಬಂದಾಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಳ ಆಳ್ವಿಕೆ. ಗುರುಗಳಿಲ್ಲದೆ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ಮಂಗಳೂರು, ಬಸ್ರೂರು, ಗಂಗೊಳ್ಳಿ ಸುತ್ತಿದರು. ಅಧಿಕಾರ ಯಾರದು ಎಂಬ ವಿಷಯದಲ್ಲಿ ಧರ್ಮಸಭೆಯೊಳಗೇ ಜಗಳವಿದ್ದ ಕಾಲ. ಅದರ ಬಿಸಿ ಅವರಿಗೂ ತಟ್ಟಿತು. ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದ್ದೂ ಈ ವರ್ಷಗಳಲ್ಲೇ. ಅರಬೈಲ್ ಹತ್ತಿ ಯಲ್ಲಾಪುರ ಸೇರಿದರೆ ಸಿಗುವ ನಮ್ಮ ಸಿದ್ದಿ ಬಾಂಧವರ ಹಿರಿಯರಲ್ಲಿಯೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬರಿಗೈಯಲ್ಲಿ ಕಾಡು ಹೊಕ್ಕವರಿದ್ದರು. ನಾಳೆಯ ಊಟ ಎಲ್ಲಿಂದ ಎಂಬುದು ಅವರಿಗೆ ಪ್ರಸಂಗದ ವಿಷಯವಾಗಿರಲಿಲ್ಲ.

ಗುಲಾಮಗಿರಿಯಿಂದ ಹೊರಬಂದ ಇನ್ನೊಂದು ಜನಾಂಗದ ಕಥೆ ವಿಮೋಚನಾಕಾಂಡದ 16ನೇ ಅಧ್ಯಾಯದಲ್ಲಿದೆ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಪ್ರತಿ ಮುಂಜಾನೆ ಮನ್ನಾ ದೊರೆಯಿತು, ಅಂದಂದಿಗೆ ಬೇಕಾದಷ್ಟೇ. ಆಸೆಪಟ್ಟು ಮರುದಿನಕ್ಕೆ ಉಳಿಸಿಕೊಂಡದ್ದು ಹುಳಬಿದ್ದು ನಾರಿತು. ಸಬ್ಬತ್ ದಿನಕ್ಕೆಂದು ಮೊದಲೇ ಕೂಡಿಸಿದ ಪಾಲು ಮಾತ್ರ ಕೆಡಲಿಲ್ಲ. ಮತ್ತೊಂದು ಮಾತು: ಮನ್ನಾ ಯಾರ ಗುಡಾರದ ಒಳಗೂ ಬೀಳಲಿಲ್ಲ. ಬಿಸಿಲೇರುವ ಮುಂಚೆ ಎದ್ದು ಹೋಗಿ ಕೂಡಿಸಿಕೊಳ್ಳಬೇಕಿತ್ತು.

ವಾಜ್ ಅವರೂ ಎದ್ದು ಹೊರಟವರೇ. 1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಒರೇಟರಿ ಸಂಘದ ಮೇಲ್ವಿಚಾರಕರಾದರು. ಸಿಂಹಳದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು. ಅಲ್ಲಿನ ಜನರಿಗೆ ಸಂಸ್ಕಾರಗಳಿಲ್ಲ ಎಂಬ ಸುದ್ದಿ ಅವರನ್ನು ಕುಳಿತಲ್ಲಿ ಕುಳಿತಿರಲು ಬಿಡಲಿಲ್ಲ. ಜಾನ್ ಎಂಬ ಸೇವಕನೊಂದಿಗೆ ಹೊರಟು, ಕೂಲಿಯವನ ವೇಷದಲ್ಲಿ 1687ರಲ್ಲಿ ಜಾಫ್ನಾ ತಲುಪಿದರು. ಪ್ರಯಾಣದ ಕಷ್ಟಕ್ಕೆ ಭೇದಿ ಹಿಡಿದು ನೆಲಕಚ್ಚಿದರು. ಪರಿಚಯದವರಿಲ್ಲ, ಗುರುವೆಂದು ಹೇಳಿಕೊಳ್ಳುವಂತಿಲ್ಲ. ಆಗ ಒಬ್ಬ ಬಡ ಹೆಂಗಸು ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ.

ಇಲ್ಲಿ ನಮಗೆ ಪ್ರವಾದಿ ಎಲೀಯನ ನೆನಪಾಗುತ್ತದೆ. ಮೊದಲು ಕಾಗೆಗಳು ರೊಟ್ಟಿ, ಮಾಂಸ ತಂದವು. ಹಳ್ಳ ಬತ್ತಿದ ಮೇಲೆ ದೇವರು ಅವನನ್ನು ಕಳುಹಿಸಿದ್ದು ಶ್ರೀಮಂತನ ಮನೆಗಲ್ಲ. ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ ಮಾತ್ರ ಉಳಿದಿದ್ದ ವಿಧವೆಯ ಮನೆಗೆ. ಕೊಡುವವಳೂ ಹಸಿದವಳೇ. ಧರ್ಮಕೇಂದ್ರದ ಖರ್ಚುವೆಚ್ಚದ ಲೆಕ್ಕ ಮುಂದಿಟ್ಟುಕೊಂಡು ಕುಳಿತಾಗ, ಈ ಭಾಗವನ್ನು ಓದುವುದು ನಮಗೆ ಅಷ್ಟು ಸುಲಭವಲ್ಲ ಎಂದು ಒಪ್ಪಿಕೊಳ್ಳಬೇಕು.

ಚೇತರಿಸಿಕೊಂಡ ವಾಜ್ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅನ್ನಕ್ಕಿಂತ ಹೆಚ್ಚಾಗಿ ಅವರು ಹುಡುಕುತ್ತಿದ್ದದ್ದು, ಆ ಜಪಮಾಲೆಯನ್ನು ಗುರುತಿಸುವ ಕಣ್ಣುಗಳನ್ನು. ಹಾಗೆ ಸಿಕ್ಕಿದ ಕುಟುಂಬಗಳಲ್ಲಿ ರಾತ್ರಿ ಹೊತ್ತು, ಗುಟ್ಟಾಗಿ ಬಲಿಪೂಜೆ ನಡೆಯಿತು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಾದರು. ಆ ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜ್, ವಂದನೀಯ ಜೋಸೆಫ್ ಕಾರ್ವಾಲೊ ಅವರೊಂದಿಗೆ, ಯಾವ ಮತದವರೆಂದು ಕೇಳದೆ ಅವರಿಗೆ ಆಹಾರ ಕೊಟ್ಟರು, ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಹತ್ತು ವರ್ಷದ ಹಿಂದೆ ಜಾಫ್ನಾದಲ್ಲಿ ಇನ್ನೊಬ್ಬರ ಕೈಯ ಗಂಜಿ ಕುಡಿದಿದ್ದ ಮನುಷ್ಯ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ತೀರಿಕೊಂಡರು, ವಯಸ್ಸು 59. ತಾಯ್ನಾಡಿಗೆ ಮರಳಲೇ ಇಲ್ಲ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ಕರಾವಳಿಯವರು ಅವರ ನೆನಪಿಗೆ ಮುಡಿಪು ಗುಡ್ಡ ಹತ್ತುತ್ತಾರೆ.