ಜುಲೈ 1ಕ್ಕೆ ನಾವು ಹಾರ ಹಾಕುವ ಮೊಗ್ಲಿಂಗ್ ಮೊದಲು ಮಕ್ಕಳ ಮೇಷ್ಟ್ರು

ಶಿಕಾರಿಪುರ/ಸೊರಬ: ಜುಲೈ 1 ಬಂತೆಂದರೆ ಪತ್ರಿಕಾ ದಿನಾಚರಣೆ. ಹಾರ, ಶಾಲು, ಭಾಷಣ. ಭಾಷಣದಲ್ಲಿ ಒಂದು ಹೆಸರು ಬಂದೇ ಬರುತ್ತೆ, ಹರ್ಮನ್ ಮೊಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ತಂದವರು ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಆ ಮನುಷ್ಯ ದಿನಾ ಏನು ಮಾಡ್ತಿದ್ರು ಅಂತ ಯಾರೂ ಹೇಳಲ್ಲ. ಹುಡುಕಿ ಓದಿದಾಗ ಗೊತ್ತಾಗಿದ್ದು, ಅವರ ದಿನದ ಬಹುಪಾಲು ಕಳೆದದ್ದು ಶಾಲೆ ಮಕ್ಕಳ ಜೊತೆ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಲ್ಲಿ. ಟ್ಯೂಬಿಂಗನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿ ಬಾಸೆಲ್ ಮಿಷನ್ ಸೇರಿದರು. 1836ರಲ್ಲಿ ಮಂಗಳೂರಿಗೆ ಬಂದಿಳಿದಾಗ ವಯಸ್ಸು ಬರೀ 25. ಕನ್ನಡದ ಒಂದಕ್ಷರ ಗೊತ್ತಿರದ ಊರಿಗೆ ಬಂದು, ಅದೇ ಭಾಷೆಯಲ್ಲಿ ಪಾಠ ಮಾಡುವಷ್ಟು ಕಲಿತರು. ಮಧ್ಯದಲ್ಲಿ ಹುಬ್ಬಳ್ಳಿ, ಧಾರವಾಡ ಕಡೆಯೂ ಓಡಾಡಿದರು.

ಮಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಗರ ವಸತಿ ಶಾಲೆ ಅವರ ಕೈಗೆ ಬಂತು. ಮಿಷನ್‌ನವರಿಗೆ ಬೇರೆ ಬಂಗಲೆ ಇತ್ತು. ಇವರು ಅಲ್ಲಿರದೆ ಹುಡುಗರು ಇರೋ ಕಡೆನೇ ವಾಸಕ್ಕೆ ಹೋದರು. ಪಾಠ, ಊಟ, ಪ್ರಾರ್ಥನೆ ಎಲ್ಲಾ ಅವರ ಜೊತೆಗೇ. ಬಿಳಿ ಸಾಹೇಬರು ದೂರ ನಿಂತೇ ಮಾತಾಡುತ್ತಿದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಒಂದು ದುಡ್ಡಿಗೆ ಒಂದು ಪೇಪರ್

ಮಿಷನ್‌ನವರು 1841ರಲ್ಲಿ ಮಂಗಳೂರಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದ್ದರು. ಜಿಡ್ಡಿನ ಮಸಿಯಲ್ಲಿ ಕೈಬರಹ ಬರೆದು, ಕಲ್ಲಿನ ಮೇಲೆ ಇಳಿಸಿ, ಕಲ್ಲು ಒದ್ದೆ ಮಾಡಿ, ಮಸಿ ಹಚ್ಚಿ, ಮೇಲೆ ಕಾಗದ ಒತ್ತೋದು. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಹೀಗೇ ಅಚ್ಚಾಗಿದ್ದು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ಹೊಸ ಕಾನೂನು, ಬೇರೆ ರಾಜ್ಯದ ವರ್ತಮಾನ, ಕಥೆ. ಇವತ್ತು ನಿಮ್ಮ ಮೊಬೈಲಿಗೆ ನಾವು ಕಳಿಸೋದೂ ಹೆಚ್ಚುಕಡಿಮೆ ಇದೇ. ಮೊಳೆ ಅಚ್ಚಿಗಾಗಿ 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯ್ತು. ಆದರೆ ಹೆಚ್ಚು ದಿನ ಬಾಳಲಿಲ್ಲ.

ಮನೆಗಳಲ್ಲಿ ಕಣ್ಣೀರು

ಇನ್ನೊಂದು ಮುಖವನ್ನೂ ಹೇಳಬೇಕು. ಮೊಗ್ಲಿಂಗ್ ಬಂದಿದ್ದೇ ಮತಪ್ರಚಾರಕ್ಕೆ, ಅದನ್ನ ಅವರು ಮುಚ್ಚಿಟ್ಟವರಲ್ಲ. 1844ರಲ್ಲಿ ಅವರ ಬಳಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ, ಜೊತೆಗೆ ಇನ್ನಿಬ್ಬರು ಕ್ರೈಸ್ತರಾದರು. ಊರಲ್ಲಿ ಗಲಾಟೆ ಎದ್ದಿತು. ಇಂಗ್ಲಿಷ್ ಕಲಿಯಲಿ ಅಂತ ಕಳಿಸಿದ ಮಗ ಕೈಬಿಟ್ಟು ಹೋದರೆ ಹೆತ್ತವರಿಗೆ ಏನಾಗಿರಬೇಡ? ಆನಂದರಾವ್‌ರನ್ನ ಮೊಗ್ಲಿಂಗ್ ಸ್ವಂತ ಮಗನಂತೆ ನೋಡಿಕೊಂಡರು. ಯುರೋಪಿನಲ್ಲಿ ಓದಿ ಬಂದ ಅವರು ಮುಂದೆ ಮಿಷನ್‌ನಲ್ಲೇ ಕೆಲಸ ಮಾಡಿದರು. ಒಂದು ಮನೆ ಮಗನನ್ನ ಕಳಕೊಂಡಿತು, ಇನ್ನೊಂದು ಕಡೆ ಅದೇ ಹುಡುಗನಿಗೆ ಅಪ್ಪ ಸಿಕ್ಕ. ಎರಡೂ ನಿಜ.

ಬೇರೆ ಧರ್ಮದವರಾದರೂ ನಮ್ಮ ಪುಸ್ತಕಗಳ ಮೇಲೆ ಅವರಿಗೆ ಪ್ರೀತಿ ಇತ್ತು. ನೀಲಗಿರಿಯ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣಕೊಟ್ಟು, 1848ರಿಂದ 1853ರ ಒಳಗೆ ಜೈಮಿನಿ ಭಾರತ, ದಾಸರ ಪದ, ಬಸವಪುರಾಣ ಎಲ್ಲಾ ಅಚ್ಚಾದವು. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿಯ ತಾಲ್ಲೂಕು ನಮ್ಮದು. ಶರಣರ ಕಥೆಯ ಪುಸ್ತಕಕ್ಕೆ ಕಲ್ಲಚ್ಚು ಒತ್ತಿಸಿದ್ದು ಜರ್ಮನಿಯ ಪಾದ್ರಿ ಅನ್ನೋದು ನಮಗೆ ಗೊತ್ತಿರಬೇಕು.

1853ರಲ್ಲಿ ಕೊಡಗಿಗೆ ಹೋದರು. ಅಲ್ಲಿ ಜೀತದಲ್ಲಿದ್ದ ಹೊಲೆಯರ ಕುಟುಂಬಗಳಿಗಾಗಿ ಆನಂದಪುರ ಎಂಬ ಊರು ಕಟ್ಟಿದರು. ಮಿಷನ್‌ನಲ್ಲೇ ಇದ್ದ ಸೋದರ ಸಂಬಂಧಿ ವೈಗ್ಲೆ ತೀರಿಕೊಂಡಾಗ ಅವರ ಹೆಂಡತಿ ಪೌಲಿನ್ ಅವರನ್ನು ಮದುವೆಯಾಗಿ, ಅವರ ಗಂಡುಮಕ್ಕಳಿಗೂ ಅಪ್ಪನಾದರು. ಹೆಂಡತಿಯ ಆರೋಗ್ಯ ಕೆಟ್ಟಿತು ಅಂತ 1860ರಲ್ಲಿ ಊರಿಗೆ ಹೊರಟರು. ಮತ್ತೆ ಈ ಕಡೆ ಬರಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಓದಿನ ರುಚಿ ಹತ್ತಿದ್ದು ಕಾಲೇಜಲ್ಲಿ ಅಲ್ಲ, ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ನೇತುಹಾಕಿದ ಪೇಪರ್‌ನಿಂದ. ಹಾಗಾಗಿ ವರ್ತಕರಲ್ಲಿ ಒಂದು ಮಾತು. ಈ ಸಲ ಜುಲೈ 1ಕ್ಕೆ ಹಾರದ ದುಡ್ಡಲ್ಲಿ ಹತ್ತಿರದ ಹಾಸ್ಟೆಲ್‌ಗೆ ಒಂದು ವರ್ಷ ಪೇಪರ್ ಹಾಕಿಸಿ. ಮಕ್ಕಳ ಜೊತೆ ಕೂತು ಓದೋಕೆ ಒಬ್ಬ ಮೇಷ್ಟ್ರು ಸಿಕ್ಕರಂತೂ ಇನ್ನೂ ಒಳ್ಳೇದು.