ಸ್ಟಾರ್ ಟ್ರೆಕ್ ಮರುಹುಟ್ಟಿಗಾಗಿ ತಲೆ ಬೋಳಿಸಿಕೊಂಡ ಮುಂಬೈ ಚೆಲುವೆ ಪರ್ಸಿಸ್ ಖಂಬಾಟಾ

ಹಳೆಯ ಟಿವಿ ಧಾರಾವಾಹಿಗಳಿಗೆ ಮತ್ತೆ ಜೀವ ಕೊಡುವುದು ಈಗ ಮನರಂಜನಾ ಲೋಕದ ದೊಡ್ಡ ವ್ಯವಹಾರ. ಅದರಲ್ಲೂ ವೈಜ್ಞಾನಿಕ ಕಥೆಗಳ ಧಾರಾವಾಹಿಗಳನ್ನು ಅಭಿಮಾನಿಗಳು ದಶಕಗಳು ಕಳೆದರೂ ಮರೆಯುವುದಿಲ್ಲ. ಇಂಥ ಮರುಹುಟ್ಟಿನ ಕಥೆಗಳಲ್ಲೇ ಅತ್ಯಂತ ಪ್ರಸಿದ್ಧವಾದ ಸ್ಟಾರ್ ಟ್ರೆಕ್‌ನಲ್ಲಿ ಮುಂಬೈನ ಒಬ್ಬ ನಟಿಯ ಪಾಲೂ ಇತ್ತು. ಅವರೇ ಪರ್ಸಿಸ್ ಖಂಬಾಟಾ. ವರ್ಷಗಟ್ಟಲೆ ಓಡಬಹುದಾಗಿದ್ದ ಧಾರಾವಾಹಿಗೆ ಆಯ್ಕೆಯಾದ ಅವರಿಗೆ ಕೊನೆಗೆ ದಕ್ಕಿದ್ದು ಒಂದೇ ಒಂದು ಸಿನಿಮಾ!

ಸೋಪಿನ ಜಾಹೀರಾತಿನಿಂದ ಮಿಸ್ ಇಂಡಿಯಾ ವರೆಗೆ

ಪರ್ಸಿಸ್ ಹುಟ್ಟಿದ್ದು 1948ರ ಅಕ್ಟೋಬರ್ 2ರಂದು, ಅಂದಿನ ಬಾಂಬೆಯ ಪಾರ್ಸಿ ಕುಟುಂಬದಲ್ಲಿ. ಅವರು ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. 13ನೇ ವಯಸ್ಸಿನಲ್ಲಿ ತೆಗೆದ ಫೋಟೋಗಳು ರೆಕ್ಸೋನಾ ಸೋಪಿನ ಜಾಹೀರಾತಿಗೆ ಬಳಕೆಯಾದವು. ಅಲ್ಲಿಂದ ಮಾಡೆಲಿಂಗ್ ದಾರಿ ತೆರೆಯಿತು. 1965ರಲ್ಲಿ, ಇನ್ನೂ 16ರ ಹರೆಯದಲ್ಲೇ ಫೆಮಿನಾ ಮಿಸ್ ಇಂಡಿಯಾ ಕಿರೀಟ ಗೆದ್ದು, ಅದೇ ವರ್ಷ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು.

ಕೆ.ಎ. ಅಬ್ಬಾಸ್ ನಿರ್ದೇಶನದ 'ಬಂಬಯ್ ರಾತ್ ಕಿ ಬಾಹೋಂ ಮೇಂ' (1968) ಅವರ ಮೊದಲ ಚಿತ್ರ. ಆದರೆ ಹಿಂದಿ ಚಿತ್ರರಂಗದಲ್ಲಿ ಅವರು ನೆಲೆಯೂರಲಿಲ್ಲ. ಲಂಡನ್‌ಗೆ ಹೋಗಿ ಮಾಡೆಲ್ ಆಗಿ ದುಡಿದರು. 1975ರಲ್ಲಿ ಸಿಡ್ನಿ ಪೊಯ್ಟಿಯೆ, ಮೈಕೆಲ್ ಕೇನ್ ಜೊತೆ 'ದಿ ವಿಲ್ಬಿ ಕಾನ್‌ಸ್ಪಿರಸಿ' ಚಿತ್ರದಲ್ಲಿ ನಟಿಸುವ ಅವಕಾಶ ಸಿಕ್ಕಿತು.

ನಿಂತುಹೋದ ಧಾರಾವಾಹಿಗೆ ಮತ್ತೆ ಜೀವ

ಜೀನ್ ರಾಡನ್‌ಬೆರಿ ಸೃಷ್ಟಿಸಿದ ಸ್ಟಾರ್ ಟ್ರೆಕ್ 1966ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಮೂರು ಸೀಸನ್‌ಗಳಲ್ಲಿ 79 ಕಂತು ಮುಗಿಸಿ 1969ರಲ್ಲಿ ನಿಂತುಹೋಗಿತ್ತು. ನೋಡುಗರು ಕಡಿಮೆ ಎಂಬುದೇ ಅದಕ್ಕೆ ಕಾರಣ. ಆದರೆ ಮರುಪ್ರಸಾರ ಆರಂಭವಾದ ಮೇಲೆ ಚಿತ್ರಣವೇ ಬದಲಾಯಿತು. ಅಭಿಮಾನಿಗಳು ಎಷ್ಟು ಪತ್ರ ಬರೆದರೆಂದರೆ, 1976ರಲ್ಲಿ ನಾಸಾದ ಮೊದಲ ಶಟಲ್‌ಗೆ ಧಾರಾವಾಹಿಯ ಗಗನನೌಕೆ 'ಎಂಟರ್‌ಪ್ರೈಸ್' ಹೆಸರನ್ನೇ ಇಡಲಾಯಿತು.

ಜನಪ್ರಿಯತೆ ಕಂಡ ಪ್ಯಾರಮೌಂಟ್ ಸಂಸ್ಥೆ 1977ರಲ್ಲಿ 'ಸ್ಟಾರ್ ಟ್ರೆಕ್: ಫೇಸ್ 2' ಎಂಬ ಹೊಸ ಧಾರಾವಾಹಿ ಘೋಷಿಸಿತು. ಬೇರೆ ಗ್ರಹದಿಂದ ಬಂದ, ಗಗನನೌಕೆ ನಡೆಸುವ ಅಧಿಕಾರಿ ಐಲಿಯಾ ಪಾತ್ರಕ್ಕೆ ಪರ್ಸಿಸ್ ಆಯ್ಕೆಯಾದರು. ಸೆಟ್‌ಗಳ ಕೆಲಸವೂ ಶುರುವಾಗಿತ್ತು. ಅಷ್ಟರಲ್ಲಿ ಪ್ಯಾರಮೌಂಟ್ ಕಟ್ಟಬೇಕೆಂದಿದ್ದ ಸ್ವಂತ ಟಿವಿ ಜಾಲದ ಯೋಜನೆಯೇ ಬಿದ್ದುಹೋಯಿತು. ಅತ್ತ 'ಸ್ಟಾರ್ ವಾರ್ಸ್' ಚಿತ್ರಮಂದಿರಗಳಲ್ಲಿ ಹಣದ ಮಳೆ ಸುರಿಸುತ್ತಿತ್ತು. ಧಾರಾವಾಹಿ ಕೈಬಿಟ್ಟ ಸಂಸ್ಥೆ ಅದೇ ಕಥೆಯನ್ನು ಸಿನಿಮಾ ಮಾಡಲು ಹೊರಟಿತು.

ಒಂದೇ ಚಿತ್ರದಲ್ಲಿ ಮುಗಿದ ಪಾತ್ರ

ರಾಬರ್ಟ್ ವೈಸ್ ನಿರ್ದೇಶನದ 'ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್' ತೆರೆಕಂಡಿದ್ದು 1979ರ ಡಿಸೆಂಬರ್ 7ರಂದು. ಐಲಿಯಾಳ ಜನಾಂಗದವರಿಗೆ ತಲೆಗೂದಲೇ ಇರುವುದಿಲ್ಲ. ಸೌಂದರ್ಯ ಕಿರೀಟದಿಂದ ಹೆಸರಾಗಿದ್ದ ಪರ್ಸಿಸ್ ಈ ಪಾತ್ರಕ್ಕಾಗಿ ತಮ್ಮ ಉದ್ದ ಕೂದಲನ್ನು ನಿಜವಾಗಿಯೂ ಬೋಳಿಸಿಕೊಂಡರು. ಕಥೆಯ ನಡುವೆ ಐಲಿಯಾ ಕಣ್ಮರೆಯಾಗುತ್ತಾಳೆ, ಅವಳದೇ ರೂಪದ ಯಂತ್ರವೊಂದು ಮರಳಿ ಬರುತ್ತದೆ. ಭಾವನೆಗಳಿಲ್ಲದ ಆ ಯಂತ್ರದೊಳಗೆ ಹಳೆಯ ಪ್ರೀತಿಯ ನೆನಪು ಮಿನುಗುವುದನ್ನು ಕಣ್ಣಲ್ಲೇ ತೋರಿಸಬೇಕಿತ್ತು. ಈ ಅಭಿನಯ ಸ್ಯಾಟರ್ನ್ ಪ್ರಶಸ್ತಿಗೆ ನಾಮನಿರ್ದೇಶನ ತಂದುಕೊಟ್ಟಿತು. 1980ರಲ್ಲಿ ಆಸ್ಕರ್ ವೇದಿಕೆ ಏರಿ ಪ್ರಶಸ್ತಿ ಪ್ರದಾನ ಮಾಡಿದ ಮೊದಲ ಭಾರತೀಯರೆಂಬ ಹೆಸರೂ ಅವರದಾಯಿತು.

ಚಿತ್ರ ಹಣ ಗಳಿಸಿತು, ಸ್ಟಾರ್ ಟ್ರೆಕ್ ಸರಣಿ ಬೆಳೆಯಿತು. ಆದರೆ ಐಲಿಯಾ ಪಾತ್ರ ಆ ಚಿತ್ರದಲ್ಲೇ ಮುಗಿದಿದ್ದರಿಂದ ಪರ್ಸಿಸ್‌ಗೆ ಮುಂದಿನ ಚಿತ್ರಗಳಲ್ಲಿ ಜಾಗವಿರಲಿಲ್ಲ. ಸಿಲ್ವೆಸ್ಟರ್ ಸ್ಟಲೋನ್ ಜೊತೆ 'ನೈಟ್‌ಹಾಕ್ಸ್' (1981), ಬಳಿಕ 'ಮೆಗಾಫೋರ್ಸ್' (1982) ಬಂದವಾದರೂ ದೊಡ್ಡ ತಿರುವು ಸಿಗಲಿಲ್ಲ. 1980ರಲ್ಲಿ ಜರ್ಮನಿಯಲ್ಲಿ ಕಾರು ಅಪಘಾತಕ್ಕೀಡಾಗಿ ತಲೆಗೆ ತೀವ್ರ ಗಾಯವಾಯಿತು. 1983ರಲ್ಲಿ, 35ರ ಆಸುಪಾಸಿನಲ್ಲೇ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು.

ಮರಳಿ ಮುಂಬೈಗೆ

ಮುಂಬೈಗೆ ಬಂದು 1986ರಲ್ಲಿ 'ಶಿಂಗೋರಾ'ದಲ್ಲಿ ನಟಿಸಿದರು. 1993ರಲ್ಲಿ ಸೂಪರ್‌ಮ್ಯಾನ್ ಕಥೆಯನ್ನು ಟಿವಿಗೆ ಹೊಸದಾಗಿ ತಂದ 'ಲೋಯಿಸ್ ಅಂಡ್ ಕ್ಲಾರ್ಕ್' ಧಾರಾವಾಹಿಯ ಮೊದಲ ಕಂತಿನಲ್ಲಿ ಚಿಕ್ಕ ಪಾತ್ರ ಮಾಡಿದರು. 1997ರಲ್ಲಿ ಮಿಸ್ ಇಂಡಿಯಾ ವಿಜೇತೆಯರ ಕುರಿತ 'ಪ್ರೈಡ್ ಆಫ್ ಇಂಡಿಯಾ' ಪುಸ್ತಕ ಹೊರತಂದು, ಅದರ ಗೌರವಧನವನ್ನು ಮದರ್ ತೆರೇಸಾ ಅವರ ಸಂಸ್ಥೆಗೆ ಮೀಸಲಿಟ್ಟರು. ಮರುವರ್ಷ ಆಗಸ್ಟ್ 18ರಂದು ಎದೆನೋವಿನಿಂದ ಮುಂಬೈನ ಆಸ್ಪತ್ರೆ ಸೇರಿದ ಅವರು ಹೃದಯಾಘಾತದಿಂದ ಕೊನೆಯುಸಿರೆಳೆದರು. ಆಗ ಅವರಿಗಿನ್ನೂ 49 ವರ್ಷ.

ಆದರೆ ಧಾರಾವಾಹಿಗೆಂದು ಹುಟ್ಟಿದ ಐಲಿಯಾ ಪಾತ್ರ ಪೂರ್ತಿ ವ್ಯರ್ಥವಾಗಲಿಲ್ಲ. 1987ರಲ್ಲಿ ಸ್ಟಾರ್ ಟ್ರೆಕ್ ಕೊನೆಗೂ 'ದಿ ನೆಕ್ಸ್ಟ್ ಜನರೇಷನ್' ಆಗಿ ಟಿವಿಗೆ ಮರಳಿದಾಗ, ಇತರರ ಭಾವನೆ ಅರಿಯಬಲ್ಲ ಡಿಯಾನಾ ಟ್ರಾಯ್ ಪಾತ್ರಕ್ಕೆ ಐಲಿಯಾಳೇ ಮಾದರಿಯಾದಳು. 2022ರಲ್ಲಿ 1979ರ ಚಿತ್ರದ ನಿರ್ದೇಶಕರ ಆವೃತ್ತಿ 4ಕೆ ಗುಣಮಟ್ಟದಲ್ಲಿ ಮತ್ತೆ ಬಿಡುಗಡೆಯಾಯಿತು. ಮುಂಬೈನ ಪರ್ಸಿಸ್ ಅದರಲ್ಲಿ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಾರೆ.